ಗುರುವಾರದ ಗಂಡಸರು

"ನಾನು ಹೊಡೀಲಿಲ್ಲ. ಅವಳೇ ಬಿದ್ದಳು," ಎಂದ ವಾಂಬುಜಿ, ಇನ್ನೂ ಯಾರೂ ಏನೂ ಕೇಳುವ ಮೊದಲೇ.

ಬಾಲಿಕೋವಾ ಅಂಗಳದ ಹಲಸಿನ ಮರದ ಕೆಳಗೆ ತನಗೆಂದು ತಂದಿಟ್ಟ ಸ್ಟೂಲಿನ ಮೇಲೆ ಕೂತು, ಟೋಪಿ ತೆಗೆದು ಮೊಣಕಾಲಿಗೆ ಸಿಕ್ಕಿಸಿಕೊಂಡ. ಅಡುಗೆ ಗುಡಿಸಲಿನ ಹೊಸ್ತಿಲಲ್ಲಿ ವಾಂಬುಜಿಯ ಹೆಂಡತಿ ನೈಗಾಗಾ ಒಂದೇ ಕೈಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ಇನ್ನೊಂದು ಕೈ ಹಳೇ ಬಟ್ಟೆಯ ಜೋಲಿಯಲ್ಲಿ ಕುತ್ತಿಗೆಯಿಂದ ತೂಗುತ್ತಿತ್ತು. ಒಂದೊಂದು ಕಾಯನ್ನೂ ಹಲ್ಲಿನಲ್ಲಿ ಕಚ್ಚಿ ಒಡೆದು, ಹೆಬ್ಬೆರಳಿನಿಂದ ಬೀಜ ಬಿಡಿಸಿ ಬುಟ್ಟಿಗೆ ಹಾಕುತ್ತಿದ್ದಳು. ನಾಲ್ಕು ವರ್ಷದ ಮಗಳು ಲೊವೀಸಾ ಕೆಳಗೆ ಬಿದ್ದ ಸಿಪ್ಪೆಗಳನ್ನು ಗುಡ್ಡೆ ಮಾಡುತ್ತಿದ್ದಳು.

"ಅದನ್ನ ಕೇಳೋಕೆ ಬಂದಿಲ್ಲಪ್ಪ ನಾನು," ಎಂದ ಬಾಲಿಕೋವಾ. "ಈ ಮಳೇಲಿ ನಿನ್ನ ಟ್ರ್ಯಾಕ್ಟರ್ ಹೆಂಗೆ ಓಡ್ತಾ ಇದೆ?"

ವಾಂಬುಜಿಗೆ ಸಿಟ್ಟೇ ಬಂತು. ಜಗಳಕ್ಕೆ ಟೊಂಕ ಕಟ್ಟಿ ನಿಂತಿದ್ದವನಿಗೆ ಈ ಮುದುಕ ಜಗಳಕ್ಕೆ ಜಾಗವನ್ನೇ ಕೊಡುತ್ತಿಲ್ಲ. "ಓಡ್ತಾ ಇದೆ. ಬ್ರೇಕು ಸರಿಯಿಲ್ಲ," ಎಂದ. ಆಮೇಲೆ ಅರ್ಧ ಗಂಟೆ ಬ್ರೇಕಿನ ಮಾತಾಯಿತು, ಕಬ್ಬು ಸಾಗಿಸುವ ದಾರಿಯ ಕೆಸರಿನ ಮಾತಾಯಿತು, ಸಕ್ಕರೆ ಕಾರ್ಖಾನೆಯ ಮೇಸ್ತ್ರಿಗೆ ಇಬ್ಬರೂ ಸೇರಿ ಬೈದದ್ದಾಯಿತು. ಹೊರಡುವಾಗ ಬಾಲಿಕೋವಾ, "ಮುಂದಿನ ಗುರುವಾರ ಬರ್ಲಾ?" ಎಂದಷ್ಟೇ ಕೇಳಿದ.

"ಬನ್ನಿ ದೊಡ್ಡಪ್ಪ. ದಾರಿ ಏನು ನಮ್ಮಪ್ಪಂದಾ?" ಎಂದ ವಾಂಬುಜಿ.

ಬುಸೋಗದ ಆ ಕಬ್ಬಿನ ಸೀಮೆಯಲ್ಲಿ ಬಾಲಿಕೋವಾ ಬಡಗಿ ಕೆಲಸದವನು. ಅರವತ್ತೊಂದು ವರ್ಷ. ಬಾಗಿಲು, ಮಂಚ, ಶಾಲೆಯ ಬೆಂಚು ಮಾಡಿಕೊಂಡಿದ್ದವನನ್ನು ಆರು ವರ್ಷದ ಹಿಂದೆ ಒಂದು ಸಂಘದವರು ಹುಡುಕಿಕೊಂಡು ಬಂದಿದ್ದರು. ಹೆಂಡತಿಯನ್ನು ಹೊಡೆಯುವ ಗಂಡಸರ ಜೊತೆ ಕೂತು ಮಾತಾಡಲು ಊರಿಗೊಬ್ಬ ಗಂಡಸು ಬೇಕಿತ್ತು ಅವರಿಗೆ. ಪಂಚಾಯಿತಿ ಹಾಲ್‌ನಲ್ಲಿ ಹತ್ತೊಂಬತ್ತು ಜನರಿಗೆ ನಾಲ್ಕು ದಿನ ಪಾಠ ಮಾಡಿದರು. ಮನುಷ್ಯ ಒಂದೇ ದಿನದಲ್ಲಿ ಬದಲಾಗುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬದಲಾಗುತ್ತಾನೆ. ಯಾರು ಯಾವ ಮೆಟ್ಟಿಲಲ್ಲಿದ್ದಾನೋ ಅಲ್ಲಿಗೆ ಇಳಿದು ಮಾತಾಡಬೇಕು ಎಂದರು. ತಪ್ಪೇ ಮಾಡಿಲ್ಲ ಅನ್ನುವವನಿಗೆ ಬುದ್ಧಿ ಹೇಳಬಾರದು, ಅವನ ಬಾಗಿಲು ಮುಚ್ಚದ ಹಾಗೆ ನೋಡಿಕೊಳ್ಳಬೇಕು. ಯೋಚನೆ ಶುರುಮಾಡಿದವನನ್ನು ಅವಸರಪಡಿಸಬಾರದು. ಮನಸ್ಸು ಮಾಡಿದವನಿಗೆ ಕೈಗೆಟುಕುವಂಥ ಒಂದು ಉಪಾಯ ಹುಡುಕಿಕೊಡಬೇಕು. ಜಾರಿದವನಿಗೆ 'ಮೊದಲೇ ಹೇಳಿರಲಿಲ್ವಾ' ಅನ್ನಬಾರದು. ಇನ್ನೊಂದು ಮಾತನ್ನು ಕಪ್ಪು ಹಲಗೆಯ ಮೇಲೆ ಎರಡು ಗೆರೆ ಎಳೆದು ಬರೆದರು: ಹೆಂಡತಿಯ ಹತ್ತಿರ ಹೋಗಿ 'ಸಹಿಸಿಕೋ' ಎಂದು ಯಾವತ್ತೂ ಹೇಳಬಾರದು.

ಉಳಿದವರು ಟಿಪ್ಪಣಿ ಬರೆದುಕೊಂಡರು. ಬಾಲಿಕೋವಾ ಬರೆದುಕೊಳ್ಳಲಿಲ್ಲ. ಅವನಿಗೆ ಆ ಮೆಟ್ಟಿಲುಗಳು ಗೊತ್ತಿದ್ದವು.

ಪ್ರತಿ ಗುರುವಾರ ಮೂರು ಗಂಟೆಗೆ, ಅವನು ಬಡಗಿ ಕೆಲಸ ಮಾಡುವ ಕೊಟ್ಟಿಗೆಯ ಹಿಂದೆ ಎಂಟು ಹತ್ತು ಗಂಡಸರು ಸೇರುತ್ತಿದ್ದರು. ರಾಗಿ ಹೆಂಡದ ಮಡಕೆಯ ಸುತ್ತ ಉದ್ದ ಕೊಳವೆ ಹಿಡಿದು ಕೂರುವವರು ಇವರನ್ನು ಕಂಡು, "ಹೋಗ್ರೋ ಹೋಗ್ರೋ, ಲಂಗ ಒಗೆಯೋ ಪಾಠ ಇದೆಯಂತೆ ಇವತ್ತು," ಎಂದು ಛೇಡಿಸುತ್ತಿದ್ದರು. ಹೊಸಬ ಯಾರಾದರೂ ಬಂದರೆ ಬಾಲಿಕೋವಾ ತನ್ನ ಕಥೆಯಿಂದಲೇ ಶುರುಮಾಡುತ್ತಿದ್ದ.

"ಇಪ್ಪತ್ತೆರಡು ವರ್ಷದ ಹಿಂದೆ ನಾನು ನನ್ನ ಹೆಂಡತಿಯ ಭುಜದ ಮೂಳೆ ಮುರಿದೆ. ಯಾಕೆ ಅಂತ ಕೇಳಿದ್ರೆ ಈಗ ನೆನಪಿಲ್ಲ. ನಾನೇ ಸೈಕಲ್ ಹಿಂದೆ ಕೂರಿಸ್ಕೊಂಡು ಆಸ್ಪತ್ರೆಗೆ ಹೋದೆ. ಹನ್ನೊಂದು ಮೈಲಿ. ಕಲ್ಲಿನ ರಸ್ತೆ. ಪ್ರತಿ ಗುಂಡಿಗೂ ಸೈಕಲ್ ಎತ್ತಿ ಹಾಕೋದು. ಅವಳು ಒಂದು ಸಲವೂ ಕೂಗಲಿಲ್ಲ. ಒಂದು ಸಲವೂ 'ಅಮ್ಮಾ' ಅನ್ನಲಿಲ್ಲ. ಆಸ್ಪತ್ರೇಲಿ ನರ್ಸಮ್ಮ ಕೇಳಿದ್ರೆ, ಹಲಸಿನ ಮರದಿಂದ ಬಿದ್ದೆ ಅಂದಳು. ನರ್ಸಮ್ಮ ನನ್ನನ್ನ ನೋಡಿದಳು. ಅವತ್ತೇ ಕೊನೆ. ಆಮೇಲೆ ಈ ಕೈ ಎದ್ದಿಲ್ಲ."

ಕಥೆ ಇಲ್ಲಿಗೆ ಬರುವಾಗ ಎಂಥ ಬಾಯಿಬಡುಕನೂ ಸುಮ್ಮನಾಗುತ್ತಿದ್ದ. ಗೋಡೆಯ ಆಚೆ ಅವನ ಹೆಂಡತಿ ಕಾಗೋಯಾ ಸೌದೆ ಮುರಿಯುವುದೋ ಪಾತ್ರೆ ಉಜ್ಜುವುದೋ ಕೇಳಿಸುತ್ತಿತ್ತು. ಅವಳು ಆ ಕಥೆಯನ್ನು ಎಷ್ಟು ಸಲ ಕೇಳಿಸಿಕೊಂಡಿದ್ದಳೋ. ಅದರ ಬಗ್ಗೆ ಗಂಡ ಹೆಂಡಿರು ಮಾತಾಡಿದ್ದಿಲ್ಲ.

ವಾಂಬುಜಿಯ ಮನೆಗೆ ಬಾಲಿಕೋವಾ ಐದು ಗುರುವಾರ ಬೆಳಿಗ್ಗೆ ಹೋದ. ಐದೂ ಸಲ ಟ್ರ್ಯಾಕ್ಟರ್, ಫುಟ್ಬಾಲು, ಗೆಣಸಿಗೆ ಬಂದ ಹುಳ. ಆರನೆಯ ವಾರ ಅವನು ಹೋಗುವ ಮೊದಲೇ ವಾಂಬುಜಿ ದಾರಿಗೆ ಬಂದು ನಿಂತಿದ್ದ. ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡು, ಎತ್ತಲೋ ನೋಡುತ್ತ ಹೇಳಿದ:

"ದೊಡ್ಡಪ್ಪ, ಮೊನ್ನೆ ಟ್ರ್ಯಾಕ್ಟರ್ ಡೀಸೆಲ್ ಮುಗಿದು ದಾರೀಲೇ ನಿಂತ್ಬಿಡ್ತು. ನಡ್ಕೊಂಡು ಬಂದೆ. ಸದ್ದಿಲ್ಲ ನೋಡಿ, ನಾನು ಬಂದಿದ್ದು ಯಾರಿಗೂ ಗೊತ್ತಾಗಲಿಲ್ಲ. ಒಳಗೆ ಅವಳು ನಗ್ತಾ ಇದ್ದಳು."

"ಯಾರು?"

"ನೈಗಾಗಾ. ಲೊವೀಸಾ ಅದೇನೋ ಕೋತಿ ಆಟ ಆಡ್ತಾ ಇತ್ತು. ಅವಳು ಹೊಟ್ಟೆ ಹಿಡ್ಕೊಂಡು ನಗ್ತಾ ಇದ್ದಳು. ಗೊರಕೆ ಹೊಡೆದ ಹಾಗೆ ಸದ್ದು ಮಾಡಿ ನಗ್ತಾಳೆ, ದೊಡ್ಡಪ್ಪ. ಏಳು ವರ್ಷ ಆಯ್ತು ಮದುವೆಯಾಗಿ. ಅವಳು ಹಂಗೆ ನಗ್ತಾಳೆ ಅಂತಲೇ ನಂಗೆ ಗೊತ್ತಿರಲಿಲ್ಲ." ಅವನು ಬೆಲ್ಲಿನ ಮೇಲೆ ಹೆಬ್ಬೆರಳಾಡಿಸಿದ. "ನಾನು ಕೆಮ್ಮಿದೆ. ದೀಪ ಊದಿದ ಹಾಗೆ ನಿಂತ್ಹೋಯ್ತು. ಮಗೂದೂ ನಿಂತ್ಹೋಯ್ತು."

ಬಾಲಿಕೋವಾನಿಗೆ ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. "ಆಮೇಲೆ?" ಎಂದ.

"ಆಮೇಲೇನು? ಊಟಕ್ಕೆ ಬಡಿಸಿದಳು. ತಿಂದೆ." ಹ್ಯಾಂಡಲ್ ಬಿಟ್ಟು, "ಅವತ್ತು ಅವಳಾಗಿ ಬೀಳಲಿಲ್ಲ ದೊಡ್ಡಪ್ಪ," ಎಂದ.

ಆ ಮಧ್ಯಾಹ್ನ ವಾಂಬುಜಿ ಕೊಟ್ಟಿಗೆಯ ಹಿಂದೆ ಬಂದು ಗಂಡಸರ ನಡುವೆ ಕೂತ. ಮುಂದೆ ಕೆಲಸ ಸಲೀಸಾಗಿರಲಿಲ್ಲ, ಆದರೆ ನಡೆಯಿತು. ಸಿಟ್ಟು ಎಲ್ಲಿಂದ ಶುರುವಾಗುತ್ತೆ ಅಂತ ಬಾಲಿಕೋವಾ ಕೇಳಿದರೆ, "ತಲೆಯಿಂದ" ಎಂದ ಮೊದಲು. ಎರಡು ವಾರ ಗಮನಿಸಿಕೊಂಡು ಬಂದು, "ಇಲ್ಲ, ಕಿವಿ ಬಿಸಿಯಾಗುತ್ತೆ ಫಸ್ಟು," ಎಂದ. ಕಿವಿ ಬಿಸಿಯಾದ ತಕ್ಷಣ ಮನೆ ಬಿಟ್ಟು ಹೊರಡುವುದು, ಊರ ಕೈಪಂಪಿನ ತನಕ ಹೋಗಿ ಬರುವುದು ಎಂದು ಮಾತಾಯಿತು. ಎಲ್ಲಿಗೆ ಹೋಗುತ್ತೇನೆ ಅಂತ ಹೆಂಡತಿಗೆ ಶಾಂತವಾಗಿರುವಾಗಲೇ ಹೇಳಿಡಬೇಕು, ಇಲ್ಲದಿದ್ದರೆ ಅವಳು ಇನ್ನೊಂದು ಅರ್ಥ ಮಾಡಿಕೊಳ್ಳುತ್ತಾಳೆ ಎಂದು ಬಾಲಿಕೋವಾ ಎಚ್ಚರಿಸಿದ. ಹೇಳಿದ ಮೇಲೆ ಅವಳು ಏನಂದಳು ಎಂದು ಕೇಳಿದ್ದಕ್ಕೆ ವಾಂಬುಜಿ, "'ಹೂಂ' ಅಂದಳು," ಎಂದ.

ಒಂದು ಗುರುವಾರ ಅವನು ಹೇಳಿದ ಸುದ್ದಿಗೆ ಗಂಡಸರೆಲ್ಲ ನಕ್ಕು ಸುಸ್ತಾದರು.

"ಒಂದೇ ದಿನ ನಾಲ್ಕು ಸಲ ಪಂಪಿಗೆ ಹೋದೆ ಕಣ್ರಪ್ಪ. ನಾಲ್ಕನೇ ಸಲ ಅಲ್ಲಿದ್ದ ಹೆಂಗಸರು, 'ಏನಯ್ಯ, ಇಲ್ಲಿ ಯಾರನ್ನ ನೋಡೋಕೆ ಬರ್ತೀಯ?' ಅಂದ್ರು. 'ಯಾರನ್ನೂ ಇಲ್ಲ, ಸಿಟ್ಟು ಇಳಿಸ್ಕೊಳ್ಳೋಕೆ ಬರ್ತೀನಿ' ಅಂದೆ. 'ಹಂಗಾದ್ರೆ ಸುಮ್ನೆ ಯಾಕೆ ನಿಂತಿದೀಯ, ಪಂಪು ಹೊಡಿ' ಅಂದ್ರು. ಐದು ಮನೆಗೆ ನೀರು ಹೊಡೆದುಕೊಟ್ಟೆ. ಈಗ ಸಾಯಂಕಾಲ ಆದ್ರೆ, 'ವಾಂಬುಜಿಗೆ ಇವತ್ತು ಸಿಟ್ಟು ಬಂದಿಲ್ವಾ' ಅಂತ ಕೇಳ್ತಾರಂತೆ!"

ಮೂರು ತಿಂಗಳು ಹೀಗೆ ನಡೆಯಿತು. ನೈಗಾಗಾಳ ಕೈಯ ಜೋಲಿ ಹೋಯಿತು. ದಾರಿಯಲ್ಲಿ ಸಿಕ್ಕರೆ ಅವಳು ಬಾಲಿಕೋವಾನಿಗೆ ಮಂಡಿಯೂರಿ ನಮಸ್ಕಾರ ಹೇಳುವಾಗ ಮುಖದಲ್ಲಿ ಸಣ್ಣ ನಗೆಯಿರುತ್ತಿತ್ತು. ಸಂಘದವರು ಬಂದು, ಮುಂದಿನ ತಿಂಗಳ ದೊಡ್ಡ ಸಭೆಯಲ್ಲಿ ವಾಂಬುಜಿ ನಾಲ್ಕು ಮಾತಾಡಲಿ ಎಂದರು. ಬಾಲಿಕೋವಾ ಮನೆಗೆ ಬಂದು, "ಕೇಳಿದ್ಯಾ ಕಿರುಂಡನ ಅಮ್ಮ, ನಮ್ಮ ವಾಂಬುಜಿ ಮೈಕಿನಲ್ಲಿ ಮಾತಾಡ್ತಾನಂತೆ," ಎಂದು ಹೆಂಡತಿಗೆ ಹೇಳಿದ. ಕಿರುಂಡ ಅವರ ಹಿರಿಯ ಮಗ, ಜಿಂಜಾದಲ್ಲಿ ಬಸ್ ಕಂಡಕ್ಟರು. ಕಾಗೋಯಾ, "ಒಳ್ಳೇದು," ಎಂದಳು.

ಸಭೆಗೆ ಹತ್ತು ದಿನ ಇರುವಾಗ ಒಂದು ಬೆಳಿಗ್ಗೆ ವಾಂಬುಜಿ ಕೊಟ್ಟಿಗೆಗೆ ಬಂದು ಮರದ ಹೊಟ್ಟಿನ ರಾಶಿಯ ಮೇಲೆ ಕುಸಿದು ಕೂತ. ಕಣ್ಣು ಕೆಂಪಾಗಿದ್ದವು.

"ದೊಡ್ಡಪ್ಪ, ಬಿದ್ದೆ."

ಹಿಂದಿನ ದಿನ ಕಬ್ಬಿನ ಲೋಡು ಸಮೇತ ಟ್ರ್ಯಾಕ್ಟರ್ ಚರಂಡಿಗೆ ಇಳಿದಿತ್ತು. ಮೇಸ್ತ್ರಿ ಕೂಲಿಯವರೆಲ್ಲರ ಎದುರು ಅವನ ತಾಯಿಯ ಹೆಸರೆತ್ತಿ ಬೈದು, ಕೀಲಿಯನ್ನು ಇನ್ನೊಬ್ಬನ ಕೈಗೆ ಕೊಟ್ಟಿದ್ದ. ಮನೆಗೆ ಬಂದಾಗ ನೈಗಾಗಾ ಕೇಳಿದ್ದು ಒಂದೇ ಮಾತು: ಉಪ್ಪು ತಂದ್ರಾ?

"ಜುಟ್ಟು ಹಿಡಿದು ಬಾಗಿಲ ಚೌಕಟ್ಟಿಗೆ ಗುದ್ದಿದೆ. ಎರಡು ಸಲ. ಹುಬ್ಬು ಒಡೆದುಹೋಯ್ತು."

"ಪಂಪು?"

"ನೆನಪೇ ಆಗಲಿಲ್ಲ." ಅವನು ಮರದ ಹೊಟ್ಟನ್ನು ಹಿಡಿ ಹಿಡಿಯಾಗಿ ಹಿಂಡುತ್ತಿದ್ದ. "ಇಲ್ಲ. ಸುಳ್ಳು. ನೆನಪಾಯ್ತು ದೊಡ್ಡಪ್ಪ. ಕಿವಿ ಬಿಸಿಯಾಗಿದ್ದೂ ಗೊತ್ತಾಯ್ತು. ಹೋಗಬಾರದು ಅನ್ನಿಸ್ತು. ಹೊಡೀಬೇಕು ಅನ್ನಿಸ್ತು."

ಬಾಲಿಕೋವಾ ಉಳಿ ಕೆಳಗಿಟ್ಟ. ಜಾರಿದವನ ಎದುರು ಏನು ಮಾಡಬೇಕೋ ಅದನ್ನೆಲ್ಲ ಮಾಡಿದ. ಬೈಯಲಿಲ್ಲ, ಸಮಾಧಾನದ ಸುಳ್ಳನ್ನೂ ಹೇಳಲಿಲ್ಲ. ಬಂದು ಹೇಳಿದೆಯಲ್ಲ, ಹಿಂದಿನ ವಾಂಬುಜಿ ಬರುತ್ತಿರಲಿಲ್ಲ ಎಂದ. ನಾಳೆಯಿಂದ ಮತ್ತೆ ಶುರುಮಾಡಬೇಕು ಎಂದ.

"ನಾಳೆ ಅವಳು ಇರೋದಿಲ್ಲ. ತವರಿಗೆ ಹೋಗ್ತೀನಿ ಅಂತ ಗಂಟು ಕಟ್ತಾ ಇದಾಳೆ. ನೀವು ಒಂದು ಮಾತು ಹೇಳಿ ದೊಡ್ಡಪ್ಪ. ನಿಮ್ಮ ಮಾತು ಅವಳು ತೆಗೆದುಹಾಕಲ್ಲ."

"ಅದು ಮಾತ್ರ ನನ್ನ ಕೆಲಸ ಅಲ್ಲ ಮಗಾ," ಎಂದ ಬಾಲಿಕೋವಾ. ಕಪ್ಪು ಹಲಗೆಯ ಎರಡು ಗೆರೆ ಅವನಿಗೆ ನೆನಪಿತ್ತು. ವಾಂಬುಜಿ ತಲೆ ತಗ್ಗಿಸಿಕೊಂಡು ಕಾರ್ಖಾನೆಯ ಕಡೆ ಹೋದ, ಮೇಸ್ತ್ರಿಯ ಕಾಲು ಹಿಡಿಯಲು.

ಹತ್ತು ಗಂಟೆಯ ಹೊತ್ತಿಗೆ ನೈಗಾಗಾ ತಾನೇ ಅವರ ಮನೆಗೆ ಬಂದಳು. ಬಾಡಿಗೆಯ ಬೋಡಾ ಮೋಟಾರ್‌ಸೈಕಲ್ಲುಗಳು ನಿಲ್ಲುವ ಜಾಗ ಅವರ ಮನೆಯ ಹತ್ತಿರವೇ. ತಲೆಯ ಮೇಲೆ ಬಟ್ಟೆಗಂಟು, ಕೈಯಲ್ಲಿ ಲೊವೀಸಾ. ಎಡಗಣ್ಣು ಪೂರ್ತಿ ಮುಚ್ಚಿಹೋಗಿತ್ತು. ಕಾಗೋಯಾ ಅಂಗಳದಲ್ಲಿ ಚಾಪೆ ಹಾಸಿಕೊಂಡು ಮಟೋಕೆ ಬಾಳೆಕಾಯಿಗಳ ಸಿಪ್ಪೆ ಹೆರೆಯುತ್ತಿದ್ದಳು. ನೈಗಾಗಾ ಅವಳ ಎದುರು ಚಾಪೆಯ ಅಂಚಿನಲ್ಲಿ ಕೂತು, "ಹೋಗಿಬರ್ತೀನಿ ದೊಡ್ಡಮ್ಮ. ಕೈ ಮುರಿದಾಗ ಸೊಪ್ಪು ಕಟ್ಟಿದ್ರಿ. ಹೇಳದೆ ಹೋಗೋಕೆ ಮನಸ್ಸಾಗಲಿಲ್ಲ," ಎಂದಳು.

ಬಾಲಿಕೋವಾ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೋಡಿದ. ಸುಮ್ಮನೆ ಒಳಗೆ ಹೋಗಬಹುದಿತ್ತು. ಆದರೆ ಐದು ವಾರ ಟ್ರ್ಯಾಕ್ಟರಿನ ಮಾತು ಕೇಳಿದ್ದು, ಪಂಪಿನ ನಗು, ಮೈಕು, ಬೆಳಿಗ್ಗೆ ಹೊಟ್ಟಿನ ರಾಶಿಯ ಮೇಲೆ ಕೂತಿದ್ದ ಆ ಮುಖ ಎಲ್ಲ ಸೇರಿ ಅವನನ್ನು ಅಂಗಳಕ್ಕೆ ತಳ್ಳಿದವು.

"ಒಂದು ಮಾತು ನೈಗಾಗಾ," ಎಂದ. "ಹೇಳಬಾರದು. ಆದ್ರೂ ಹೇಳ್ತೀನಿ. ಅವನು ಜಾರಿದಾನೆ, ನಿಜ. ನಡೆಯೋದು ಕಲಿಯೋನು ಬೀಳ್ತಾನೆ. ಮೂರು ತಿಂಗಳು ನಿಂತವನು ಮುಂದೆ ಮೂರು ವರ್ಷವೂ ನಿಲ್ಲಬಹುದು. ಇನ್ನೊಂದು ಸಲ ನೋಡು."

"ಅವರು ಕೆಟ್ಟೋರು ಅಂತ ನಾನು ಹೇಳಲ್ಲ ದೊಡ್ಡಪ್ಪ," ಎಂದಳು ನೈಗಾಗಾ. ದನಿಯಲ್ಲಿ ಕೋಪವಿರಲಿಲ್ಲ. "ಮೂರು ತಿಂಗಳು ಚೆನ್ನಾಗಿದ್ರು. ಅದೇ ಕಷ್ಟವಾಗಿದ್ದು. ಮೊದಲೆಲ್ಲ ಹೊಡೀತಾರೆ ಅಂತ ಗೊತ್ತಿರ್ತಿತ್ತು, ಮೈ ಬಿಗಿ ಹಿಡ್ಕೊಂಡಿರ್ತಿದ್ದೆ. ಈ ಸಲ ಮೈ ಸಡಿಲ ಬಿಟ್ಟಿದ್ದೆ. ಉಪ್ಪು ತಂದ್ರಾ ಅಂತ ನಗ್ತಾ ಕೇಳಿದೆ."

ಬಾಲಿಕೋವಾ ಚಾಪೆಯ ಹತ್ತಿರಕ್ಕೆ ಬಂದ. "ನನ್ನನ್ನೇ ನೋಡು ತಾಯಿ. ನಾನು ಅವನಿಗಿಂತ ಕಡೆಯಾಗಿದ್ದೆ. ಇಪ್ಪತ್ತೆರಡು ವರ್ಷ ಆಯ್ತು, ಕೈ ಎತ್ತಿಲ್ಲ. ಮನುಷ್ಯ ಬದಲಾಗ್ತಾನೆ. ಬೇಕಾದ್ರೆ ಇವಳನ್ನೇ ಕೇಳು. ಹೇಳೇ, ಕಿರುಂಡನ ಅಮ್ಮ."

ಕಾಗೋಯಾ ಹೆರೆಯುವುದನ್ನು ನಿಲ್ಲಿಸಲಿಲ್ಲ. "ನಿಜ," ಎಂದಳು. "ಹೊಡೆದಿಲ್ಲ."

ನೈಗಾಗಾ ತೆರೆದಿದ್ದ ಒಂದು ಕಣ್ಣಿನಿಂದ ಅವಳನ್ನೇ ನೋಡಿದಳು. "ದೊಡ್ಡಮ್ಮ, ನಿಮಗೆ ಭಯ ಯಾವಾಗ ಹೋಯ್ತು?"

ಚಾಕು ನಿಂತಿತು. ಕಾಯಿಯ ಅಂಟು ಮೆತ್ತಿದ್ದ ಕೈಗಳನ್ನು ಕಾಗೋಯಾ ಮಡಿಲ ಮೇಲೆ ಇಟ್ಟುಕೊಂಡಳು.

"ಇವರು ಸೈಕಲ್ ನಿಲ್ಲಿಸೋ ಸದ್ದು ಇದೆಯಲ್ಲ," ಎಂದಳು, "ಅದನ್ನ ಕೇಳಿದ್ರೇ ನನಗೆ ಗೊತ್ತಾಗುತ್ತೆ, ಇವತ್ತು ಹೆಂಗಿದಾರೆ ಅಂತ. ಚಪ್ಪಲಿ ಬಿಡೋ ಸದ್ದಲ್ಲಿ ಇನ್ನೊಂದಿಷ್ಟು ಗೊತ್ತಾಗುತ್ತೆ. ಅಷ್ಟರೊಳಗೆ ನಾನು ಬಾಗಿಲಿಗೆ ಹತ್ತಿರ ಇರೋ ಹಾಗೆ ನೋಡ್ಕೋತೀನಿ. ಬೇಕು ಅಂತ ಮಾಡಲ್ಲಮ್ಮ. ಕಾಲು ತಾನೇ ಹೋಗುತ್ತೆ. ಇವರು ಹೊಡೆಯೋದು ಬಿಟ್ಟು ಇಪ್ಪತ್ತೆರಡು ವರ್ಷ ಆಯ್ತು. ನಾನು ಕಿವಿಗೊಡೋದು ಬಿಟ್ಟಿಲ್ಲ."

"ಇದೇನು ಮಾತು," ಎಂದ ಬಾಲಿಕೋವಾ.

"ಕೇಳು ಅಂದಿದ್ದು ನೀವೇ." ಅವಳು ಗಂಡನ ಕಡೆ ತಿರುಗಲಿಲ್ಲ, ನೈಗಾಗಾಳಿಗೇ ಹೇಳಿದಳು. "ಸೈಕಲ್ ಮೇಲೆ ಕೂರಿಸ್ಕೊಂಡು ಆಸ್ಪತ್ರೆಗೆ ಹೋದ ಕಥೆ ಹೇಳ್ತಾರೆ ಗಂಡಸರಿಗೆ. ಗೋಡೆ ಆಚೆ ಕೇಳಿಸುತ್ತೆ. ಹನ್ನೊಂದು ಮೈಲಿ ನಾನು ಒಂದು ಸಲವೂ ಕೂಗಲಿಲ್ಲ ಅಂತಾರೆ. ಎಂಥ ಗಟ್ಟಿ ಹೆಂಗಸು ಅಂತ ಅವರೆಲ್ಲ ತಲೆದೂಗ್ತಾರೆ. ನಾನು ಯಾಕೆ ಕೂಗಲಿಲ್ಲ ಗೊತ್ತಾ? ಕೂಗಿದ್ರೆ ಸೈಕಲ್ ನಿಲ್ಲಿಸಿಬಿಡ್ತಾರೆ ಅಂತ. ಎರಡೂ ಕಡೆ ಆಳೆತ್ತರದ ಕಬ್ಬು. ಒಂದು ನರಪಿಳ್ಳೆಯೂ ಇರಲಿಲ್ಲ. ನಿಲ್ಲಿಸಿದ್ರೆ ಅಲ್ಲೇ ಮುಗಿಸ್ತಾರೆ ಅಂದ್ಕೊಂಡಿದ್ದೆ."

ಬೋಡಾದವನು ರಸ್ತೆಯಿಂದ ಹಾರ್ನ್ ಮಾಡಿದ. ಕಾಗೋಯಾ ಎದ್ದು ಒಳಗೆ ಹೋಗಿ ಬೇಯಿಸಿದ ಗೆಣಸನ್ನು ಬಾಳೆಲೆಯಲ್ಲಿ ಸುತ್ತಿ ತಂದು ಮಗುವಿನ ಕೈಗೆ ಕೊಟ್ಟಳು. "ಹೋಗು ಅಂತಾನೂ ಹೇಳಲ್ಲ, ಇರು ಅಂತಾನೂ ಹೇಳಲ್ಲ," ಎಂದಳು ನೈಗಾಗಾಳಿಗೆ. "ನೀನು ಕೇಳಿದೆ, ಹೇಳಿದೆ."

ನೈಗಾಗಾ ಗಂಟು ಎತ್ತಿಕೊಂಡಳು. ಹೋಗುವ ಮೊದಲು ಬಾಲಿಕೋವಾನ ಮುಂದೆಯೂ ಮಂಡಿಯೂರಿ ಹೋಗಿಬರುತ್ತೇನೆ ಎಂದಳು. ಮೋಟಾರ್‌ಸೈಕಲ್ಲಿನ ಧೂಳು ಅಡಗುವ ತನಕ ಅವನು ಅಲ್ಲೇ ನಿಂತಿದ್ದ. ತಿರುಗಿ ನೋಡಿದಾಗ ಕಾಗೋಯಾ ಮತ್ತೆ ಮಟೋಕೆ ಹೆರೆಯುತ್ತಿದ್ದಳು.

ಮಧ್ಯಾಹ್ನ ವಾಂಬುಜಿ ಓಡಿಕೊಂಡು ಬಂದ. ಮೇಸ್ತ್ರಿ ಮನಸ್ಸು ಬದಲಿಸಿ ಕೀಲಿ ವಾಪಸು ಕೊಟ್ಟಿದ್ದ. ಆ ಸುದ್ದಿ ಹೊತ್ತು ಮನೆಗೆ ಹೋದರೆ ಮನೆ ಖಾಲಿ.

"ಈ ದಾರೀಲೇ ಹೋಗಿರ್ತಾಳೆ. ನೀವು ನೋಡಲಿಲ್ವಾ? ತಡೀಲಿಲ್ವಾ?"

"ತಡೆದೆ," ಎಂದ ಬಾಲಿಕೋವಾ. "ತಡೀಬಾರದಿತ್ತು. ಅವಳು ನಿಲ್ಲಲಿಲ್ಲ."

"ಹಂಗಾದ್ರೆ ಇಷ್ಟೆಲ್ಲ ಯಾರಿಗೋಸ್ಕರ ಮಾಡಿದ್ದು ನಾನು?" ವಾಂಬುಜಿಯ ದನಿ ಒಡೆಯಿತು. "ಪಂಪು ಹೊಡೆದಿದ್ದು, ಜನರ ಕೈಲಿ ನಗಿಸ್ಕೊಂಡಿದ್ದು. ಅವಳೇ ಇಲ್ಲದ ಮೇಲೆ ಇನ್ಯಾರಿಗೋಸ್ಕರ?"

ಇದಕ್ಕೆ ತರಬೇತಿಯಲ್ಲಿ ಕೊಟ್ಟ ಉತ್ತರವೊಂದಿತ್ತು: ನಿನಗೋಸ್ಕರ. ಬಾಲಿಕೋವಾನಿಗೆ ಅದನ್ನು ಹೇಳಲು ನಾಚಿಕೆಯಾಯಿತು. "ಗುರುವಾರ ಬಾ," ಎಂದಷ್ಟೇ ಹೇಳಿದ.

ವಾಂಬುಜಿ ಆ ಗುರುವಾರ ಬರಲಿಲ್ಲ. ಹೆಂಡದ ಮಡಕೆಯ ಹತ್ತಿರ ಇದ್ದ. ಅದರ ಮುಂದಿನ ವಾರ ಬಂದು ಹಿಂದಿನ ಸಾಲಿನಲ್ಲಿ ಕೂತ. ದೊಡ್ಡ ಸಭೆಯಲ್ಲಿ ಮೈಕು ಬೇರೆ ಯಾರದೋ ಕೈಗೆ ಹೋಯಿತು.

ಬಾಲಿಕೋವಾನಿಗೆ ಹೆಂಡತಿಯ ಮೇಲೆ ಸಿಟ್ಟಿತ್ತು. ಹೊರಗಿನವರ ಮುಂದೆ ಹೇಳುವ ಮಾತಾ ಅದು? ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನ ತನಗೆ ಹೇಳಬಹುದಿತ್ತಲ್ಲ? ಅವಳು ಹೆಚ್ಚು ಮಾಡಿ ಹೇಳಿದಳು; ಆ ಹುಡುಗಿಯ ಕಣ್ಣು ನೋಡಿ ಏನೋ ಬಾಯಿಗೆ ಬಂತು. ಹೀಗೆ ಮೂರು ನಾಲ್ಕು ವಾರ ಒಳಗೊಳಗೇ ವಾದ ಮಾಡಿಕೊಂಡು ಓಡಾಡಿದ. ಮಾತೂ ಕಡಿಮೆ ಮಾಡಿದ. ಕಾಗೋಯಾ ಯಾವತ್ತಿನ ಹಾಗೆ ನೀರು ಕೊಟ್ಟಳು, ಊಟ ಬಡಿಸಿದಳು.

ಆದರೆ ನೋಡಬೇಡ ಎಂದರೂ ಕಣ್ಣು ನೋಡುತ್ತಿತ್ತು. ಒಂದು ದಿನ ಕೊಟ್ಟಿಗೆಯಲ್ಲಿ ಅವನು ಉದ್ದನೆಯ ಹಲಗೆಯೊಂದನ್ನು ಹೆಗಲಿಗೆ ಎತ್ತುತ್ತಿದ್ದಾಗ, ಚಹಾ ತಂದ ಕಾಗೋಯಾ ಬಾಗಿಲಾಚೆಯೇ ನಿಂತಳು. ಹಲಗೆ ಗೋಡೆಗೆ ಒರಗಿದ ಮೇಲಷ್ಟೇ ಒಳಗೆ ಬಂದಳು. ಅವಳು ಯಾವಾಗಲೂ ಹಾಗೇ ಮಾಡುತ್ತಿದ್ದಳು. ಕೆಲಸಕ್ಕೆ ಅಡ್ಡ ಬರಬಾರದು ಎಂಬ ನಾಜೂಕು ಅದು ಎಂದು ಅವನು ತಿಳಿದಿದ್ದ, ಬೇರೆ ಬಡಗಿಗಳ ಮುಂದೆ ಹೊಗಳಿಯೂ ಇದ್ದ. ಇನ್ನೊಂದು ದಿನ ಅಟ್ಟದ ಮೇಲಿನ ಡಬ್ಬಿಗೆ ಅವನು ಥಟ್ಟನೆ ಕೈ ಚಾಚಿದಾಗ ಅವಳ ರೆಪ್ಪೆಗಳು ಒಮ್ಮೆ ಮುಚ್ಚಿ ತೆರೆದವು. ಅಷ್ಟೇ. ಅವಳಿಗೆ ಅದು ಗೊತ್ತೂ ಆಗಲಿಲ್ಲ. ಊರಿನ ಹೆಂಗಸರೆಲ್ಲ ಗಂಡನಿಗೆ ಮಂಡಿಯೂರಿಯೇ ನೀರು ಕೊಡುತ್ತಾರೆ. ಅವನಮ್ಮನೂ ಹಾಗೇ ಕೊಡುತ್ತಿದ್ದಳು. ಲೋಟ ಕೈಗೆ ತೆಗೆದುಕೊಳ್ಳುವಾಗ, ಇವಳು ಊರಿರುವ ಮಂಡಿಯಲ್ಲಿ ಮರ್ಯಾದೆ ಎಷ್ಟು, ಇನ್ನೊಂದು ಎಷ್ಟು ಎಂದು ಅವನಿಗೆ ತಿಳಿಯದಾಯಿತು.

ನವೆಂಬರಿನಲ್ಲಿ ಒಬ್ಬ ಹೊಸಬ ಬಂದ. ಅವನಿಗೆ ಸೈಕಲ್ಲಿನ ಕಥೆ ಹೇಳಿ ಎಂದು ಹಳಬರು ಒತ್ತಾಯ ಮಾಡಿದರು. ಬಾಲಿಕೋವಾ ಶುರುಮಾಡಿದ. ಭುಜದ ಮೂಳೆ, ಕಲ್ಲಿನ ರಸ್ತೆ, ಹನ್ನೊಂದು ಮೈಲಿ. 'ಅವಳು ಒಂದು ಸಲವೂ ಕೂಗಲಿಲ್ಲ' ಎಂಬಲ್ಲಿಗೆ ಬಂದು ನಿಂತುಬಿಟ್ಟ. ಗೋಡೆಯ ಆಚೆ ಯಾವ ಸದ್ದೂ ಇರಲಿಲ್ಲ.

"ಮುಂದೆ ಹೇಳಿ ದೊಡ್ಡಪ್ಪ," ಎಂದ ಯಾರೋ.

"ಮುಂದಿಂದು ನನಗೆ ಗೊತ್ತಿಲ್ಲ," ಎಂದ ಬಾಲಿಕೋವಾ. "ನಾನು ಮುಂದೆ ನೋಡ್ಕೊಂಡು ಪೆಡಲ್ ತುಳೀತಿದ್ದೆ. ಗೊತ್ತಿದೆ ಅಂತ ಇಷ್ಟು ದಿನ ಹೇಳ್ತಾ ಇದ್ದೆ."

ಗಂಡಸರು ಮುಖ ಮುಖ ನೋಡಿಕೊಂಡರು. ಹಿಂದಿನ ಸಾಲಿನಲ್ಲಿದ್ದ ವಾಂಬುಜಿ ಮಾತ್ರ ತಲೆಯೆತ್ತಿ ಅವನನ್ನು ಬಹಳ ಹೊತ್ತು ದಿಟ್ಟಿಸಿದ.

ನೈಗಾಗಾ ವಾಪಸು ಬರಲಿಲ್ಲ. ಕ್ರಿಸ್‌ಮಸ್ ಕಳೆದ ಮೇಲೆ ಅವಳ ತವರಿನಿಂದ ಸುದ್ದಿ ಬಂತು: ಭಾನುವಾರ ಚರ್ಚು ಬಿಟ್ಟ ಮೇಲೆ ಅವನು ಬಂದು ಮಗುವನ್ನು ನೋಡಿಹೋಗಬಹುದು, ಅಂಗಳದಲ್ಲಿ, ಎಲ್ಲರೂ ಇರುವಾಗ. ವಾಂಬುಜಿ ಪ್ರತಿ ಭಾನುವಾರ ಬಿಳಿ ಅಂಗಿ ಹಾಕಿಕೊಂಡು ಹೋದ. ಅಲ್ಲಿ ಅವನಿಗೆ ಒಂದು ಕುರ್ಚಿ ಹಾಕುತ್ತಿದ್ದರು. ಲೊವೀಸಾ ಮೊದಲ ಸಲ ಹತ್ತಿರ ಬರಲಿಲ್ಲ. ಮೂರನೆಯ ಸಲ ಬಂದು ಅವನ ಅಂಗಿಯ ಗುಂಡಿಗಳನ್ನು ಮುಟ್ಟಿ ಮುಟ್ಟಿ ನೋಡಿತಂತೆ. "ನಾನು ಕೈ ಎರಡೂ ತೊಡೆ ಕೆಳಗೆ ಇಟ್ಕೊಂಡು ಕೂತಿದ್ದೆ ದೊಡ್ಡಪ್ಪ," ಎಂದು ವಾಂಬುಜಿ ಹೇಳಿದ. "ಅಲ್ಲಾಡಲಿಲ್ಲ." ಗುರುವಾರಗಳನ್ನು ಅವನು ಮತ್ತೆ ತಪ್ಪಿಸಲಿಲ್ಲ. ಯಾರಿಗೋಸ್ಕರ ಎಂದು ಮತ್ತೆ ಕೇಳಲೂ ಇಲ್ಲ.

ಹೊಸ ಹುರುಳಿಕಾಯಿ ಬಿಡಿಸಿ ಕಾಳು ಒಣಗಿದ ಒಂದು ಮಧ್ಯಾಹ್ನ, ಕಾಗೋಯಾ ಮೊರದಲ್ಲಿ ಕಲ್ಲು ಆರಿಸುತ್ತ ಕೂತಿದ್ದಳು. ಬಾಲಿಕೋವಾ ಕೊಟ್ಟಿಗೆಯಿಂದ ಬಂದ. ಬರುವಾಗ ಬಾಗಿಲಲ್ಲೇ ನಿಂತು, "ಬರ್ತಾ ಇದೀನಿ," ಎಂದು ಹೇಳಿ, ಮೆಲ್ಲಗೆ ನಡೆದು ಅವಳಿಗೆ ಕಾಣುವ ಕಡೆಯಿಂದ ಸುತ್ತಿ ಬಂದು, ಚಾಪೆಯಿಂದ ಆಚೆ ನೆಲದ ಮೇಲೆ ಕೂತ.

"ಅಲ್ಯಾಕೆ ಮಣ್ಣಲ್ಲಿ ಕೂತ್ರಿ? ಕುರ್ಚಿ ಇದೆಯಲ್ಲ," ಎಂದಳು.

"ಇರಲಿ." ಇನ್ನೂರು ಗಂಡಸರಿಗೆ ಕೇಳಿದ ಪ್ರಶ್ನೆಗಳಲ್ಲಿ ಒಂದೂ ಈಗ ಉಪಯೋಗಕ್ಕೆ ಬರಲಿಲ್ಲ. "ನಾನು ಹೊಡೆದ ಕೆಲವು ದಿನ ನೆನಪಿದೆ ಕಾಗೋಯಾ. ಎಲ್ಲ ನೆನಪಿಲ್ಲ. ನಿನಗೆ ಎಲ್ಲ ನೆನಪಿರುತ್ತೆ. ಹೇಳ್ತೀಯಾ?"

"ಈಗ್ಯಾಕೆ ಅದೆಲ್ಲ?"

"ನಾನು ಕೇಳಲೇ ಇಲ್ಲ. ಅದಕ್ಕೆ."

ಕಾಗೋಯಾ ಮೊರವನ್ನು ಒಮ್ಮೆ ಕೇರಿದಳು. ಹೊಟ್ಟು ಗಾಳಿಗೆ ಹಾರಿತು. ಇನ್ನೊಮ್ಮೆ ಕೇರಿದಳು. ಹೇಳುವುದಿಲ್ಲವೆಂದೇ ಅವನು ತಿಳಿದ. ಏಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಾಗ ಅವಳು, ಕಾಳಿನ ಮೇಲೆ ಕಣ್ಣಿಟ್ಟುಕೊಂಡೇ, ಶಾಲೆಯ ಛಾವಣಿ ಗಾಳಿಗೆ ಹಾರಿಹೋದ ವರ್ಷದಿಂದ ಶುರುಮಾಡಿದಳು. ಆಗ ಕಿರುಂಡ ಹೊಟ್ಟೆಯಲ್ಲಿದ್ದ. ಏನಾಯಿತು, ಯಾವ ಗೋಡೆಯ ಹತ್ತಿರ, ಅವತ್ತು ಒಲೆಯ ಮೇಲೆ ಏನು ಬೇಯುತ್ತಿತ್ತು, ಎಲ್ಲವನ್ನೂ ನೆರೆಮನೆಯವರ ಸುದ್ದಿ ಹೇಳುವ ದನಿಯಲ್ಲಿ ಹೇಳಿದಳು. ಒಂದು ಮುಗಿದ ಮೇಲೆ ಇನ್ನೊಂದು. ಅವನು ನಡುವೆ 'ಹೌದಾ' ಎನ್ನಲಿಲ್ಲ, ತಪ್ಪಾಯಿತು ಎನ್ನಲಿಲ್ಲ. ಅವಳ ಬೆರಳುಗಳು ಮೊದಮೊದಲು ಕಲ್ಲು ಹೆಕ್ಕುತ್ತಿದ್ದವು, ಆಮೇಲೆ ನಿಂತವು.

ಬಿಸಿಲು ಹಲಸಿನ ಮರ ದಾಟಿ ಗೋಡೆಗೆ ಹೋಯಿತು. ಕೆಂಪು ಹೇಂಟೆಯೊಂದು ಹಿತ್ತಿಲಿಂದ ಬಂದು ಅವಳ ಮೊಣಕಾಲಿನ ಪಕ್ಕ ನಿಂತು, ಕತ್ತು ಓರೆ ಮಾಡಿ ನೋಡಿ, ಮೊರದ ಅಂಚಿನಿಂದ ಒಂದೊಂದೇ ಕಾಳು ಹೆಕ್ಕತೊಡಗಿತು. ಇಬ್ಬರೂ ಅದನ್ನು ಓಡಿಸಲಿಲ್ಲ.